ನಾಲ್ಕು ಗೋಡೆಯೊಳಗಿನ ಅಳು

"ಅಳಿಸೇ ಸಬೀನ, ಇನ್ನೂ ಎಷ್ಟು ಹೊತ್ತು?"

ನಡುಮನೆಯಲ್ಲಿ ನಿಂತು ಗುನ್ನೋರ ಕೂಗಿದಳು. ಒಳಕೋಣೆಯಿಂದ ಬಂದದ್ದು ಅಳುವಲ್ಲ, ಕಿಲಕಿಲ ನಗು.

"ನಾನೇನು ಮಾಡ್ಲಿ ಗುನ್ನೋರಮ್ಮ? ಪಾದ ಚಿವುಟಿದೆ, ಕಿವಿ ಹಿಂಡಿದೆ. ಆಟ ಅಂದ್ಕೊಂಡು ನಗ್ತಾ ಇದೆ ಮುಂಡೇದು!"

"ದಿನಾ ಬೆಳಗಿನ ಜಾವ ಇಡೀ ಬೀದಿ ಎಬ್ಬಿಸೋ ನಿನ್ನ ಮಗ, ಬೇಕಾದಾಗ ಸಂತನಾಗಿಬಿಟ್ಟನಾ?" ಎಂದ ಫಲ್ಕ್. ಪಕ್ಕದ ಮನೆಯವನು, ಉಪ್ಪು ಕಾಯಿಸುವವನು. ಬೆಂಚಿನ ಮೇಲೆ ಕೂತು ಬಾರ್ಲಿ ಬೀರು ಹೀರುತ್ತಿದ್ದ.

"ಬೀದಿ ಎಬ್ಬಿಸೋದು ನನ್ನ ಮಗನಲ್ಲ, ನಿನ್ನ ಗೊರಕೆ!" ಒಳಗಿನಿಂದಲೇ ಉತ್ತರ ಬಂತು. ಸಬೀನ ರೊಟ್ಟಿ ಸುಡುವವನ ಹೆಂಡತಿ. ಯಾರ ಮಾತನ್ನೂ ಬಾಕಿ ಉಳಿಸಿಕೊಂಡವಳಲ್ಲ.

ಒಲೆಯ ಮುಂದೆ ಮುದುರಿ ಕೂತಿದ್ದ ಮುದುಕಿ ಓರೆಂಜ್ ತಲೆ ಎತ್ತದೆ ಹೇಳಿದಳು: "ಮೊಲೆಗೆ ಹಾಕು. ಬಾಯಿ ರುಚಿ ಹತ್ತಿದ ಮೇಲೆ ಕಿತ್ಕೋ."

ನಮ್ಮ ಥಾರ್ನ್‌ಫ್ಲೀಟ್‌ನ ಅರ್ಧ ಊರನ್ನು ಭೂಮಿಗೆ ಇಳಿಸಿದ ಕೈ ಅವಳದು. ಅವಳ ಮಾತು ಸುಳ್ಳಾಗಲಿಲ್ಲ. ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ಎದ್ದ ಅಳು ಮಾಡಿನ ಹುಲ್ಲನ್ನೇ ನಡುಗಿಸುವ ಹಾಗಿತ್ತು.

"ಕೇಳ್ತು," ಎಂದ ಫಲ್ಕ್. "ಕೇಳದೆ ಏನು, ಕಿವಿ ತೂತಾಯ್ತು."

"ಈಗ ಬಾಗಿಲು ಹಾಕು!" ಎಂದಳು ಗುನ್ನೋರ.

ಕೋಣೆಯ ಓಕ್ ಬಾಗಿಲು ಧಡ್ಡನೆ ಮುಚ್ಚಿತು. ಅಳು ನಿಂತುಹೋಯಿತು. ನಿಜಕ್ಕೂ ನಿಂತಿರಲಿಲ್ಲ, ದಪ್ಪ ಮಣ್ಣುಗೋಡೆ ಅದನ್ನು ನುಂಗಿಬಿಟ್ಟಿತ್ತು. ಹೆರಿಗೆಯ ದಿನ ಇದ್ದಂತೆಯೇ ಕಿಟಕಿಗೆ ಕುರಿಯ ತುಪ್ಪಳ ತುರುಕಿತ್ತು, ಗೋಡೆಗೆ ಕಂಬಳಿ ಇಳಿಬಿಟ್ಟಿತ್ತು. ನಡುಮನೆಯಲ್ಲಿ ಒಲೆಯ ಕಟ್ಟಿಗೆ ಚಿಟಗುಟ್ಟುವುದೊಂದೇ ಸದ್ದು.

ಫಲ್ಕ್‌ನ ಪಕ್ಕ ಕೂತಿದ್ದ ವಾರಿನ್ ತೊಡೆ ತಟ್ಟಿಕೊಂಡ. "ನೋಡಿದ್ಯಾ? ನಾನು ಮೊದಲ ದಿನದಿಂದ ಹೇಳ್ತಾ ಇರೋದು ಇದನ್ನೇ. ಬಾಗಿಲು ಹಾಕಿತ್ತು. ನನಗೇನೂ ಕೇಳಲಿಲ್ಲ. ನಾಳೆ ಪಂಚರ ಮುಂದೆಯೂ ಇದನ್ನೇ ಹೇಳೋನು."

ಗುನ್ನೋರ ಮೇಣದ ವಾಸನೆ ಹತ್ತಿದ ತನ್ನ ಸೆರಗಿನಿಂದ ಕೈ ಒರೆಸಿಕೊಂಡಳು. ಗಂಡ ಸತ್ತಾಗಿನಿಂದ ಮೇಣದಬತ್ತಿ ಎರಕ ಹೊಯ್ದು ಬದುಕುವವಳು ಅವಳು. ಹೆಂಗಸರ ಕೋಣೆಯ ವಿಷಯ ಬಂದಾಗಲೆಲ್ಲ ಪಟ್ಟಣದ ನ್ಯಾಯಸಭೆಯ ಪಂಚರು ಅವಳನ್ನೇ ಕಳಿಸುತ್ತಿದ್ದರು.

ಆ ವರ್ಷವನ್ನು ನಮ್ಮವರು ಮರೆಯುವ ಹಾಗೇ ಇಲ್ಲ. ವಸಂತದಲ್ಲಿ ನಮ್ಮ ರಾಜನೇ ಯುದ್ಧದಲ್ಲಿ ಸೆರೆಸಿಕ್ಕ. ಬೇಸಿಗೆಯಲ್ಲಿ ಆಕಾಶದಲ್ಲಿ ಬಾಲದ ಚುಕ್ಕೆ ಮೂಡಿತು. ಅದು ಮರೆಯಾದ ದಿನವೇ ಅತ್ತ ಪೋಪರು ತೀರಿಕೊಂಡರಂತೆ. ಮುಂದೆ ಮಠದ ಸನ್ಯಾಸಿಗಳು ಈ ವರ್ಷದ ಕಥೆ ಬರೆಯುವಾಗ ಇವನ್ನೆಲ್ಲ ಬರೆಯುತ್ತಾರೆ. ಬಾಲದ ಚುಕ್ಕೆಯ ಕೆಳಗೆ, ಜವುಗು ನೆಲದ ಅಂಚಿನ ಈ ಮನೆಯಲ್ಲಿ ಒಂದೇ ಬೆಳಗಿನ ಜಾವ ಆದ ಒಂದು ಹುಟ್ಟು, ಎರಡು ಸಾವನ್ನು ಯಾರು ಬರೆಯುತ್ತಾರೆ?

ಸತ್ತವಳು ಅಮಾಬೆಲ್, ಈ ಮನೆಯ ಒಬ್ಬಳೇ ಮಗಳು. ಅವಳ ಜೊತೆಗೇ ಹೋದದ್ದು ಅವಳು ಹೆತ್ತ ಗಂಡುಕೂಸು.

ನಮ್ಮಲ್ಲಿ ಹೆಂಡತಿ ಸತ್ತ ಮೇಲೂ ಅವಳ ಮನೆ ಗಂಡನಿಗೆ ಉಳಿಯಬೇಕಾದರೆ ಅವಳು ಹೆತ್ತ ಕೂಸು ನಾಲ್ಕು ಗೋಡೆಯೊಳಗೆ ಒಮ್ಮೆಯಾದರೂ ಅತ್ತಿರಬೇಕು. ಆ ಅಳುವನ್ನು ಒಬ್ಬ ಗಂಡಸು ಕೇಳಿರಬೇಕು. ಹೆರಿಗೆಯ ಕೋಣೆಗೆ ಗಂಡಸು ಕಾಲಿಡುವಂತಿಲ್ಲ. ನ್ಯಾಯಸಭೆಯಲ್ಲಿ ಹೆಂಗಸಿನ ಸಾಕ್ಷಿ ನಡೆಯುವಂತಿಲ್ಲ. ಕೂಸು ಅತ್ತಿತೆಂದು ಓರೆಂಜ್ ನೂರು ಸಲ ಹೇಳಿದರೂ ಅದು ಗಾಳಿಗೆ ಹೇಳಿದ ಹಾಗೆ.

ಆ ಹೊತ್ತಿನಲ್ಲಿ ಫಲ್ಕ್ ಹೊಲದ ಬದುವಿನಲ್ಲಿ ನಿಂತು ಬಾಲದ ಚುಕ್ಕೆ ನೋಡುತ್ತಿದ್ದ. ಅಮಾಬೆಲ್‌ಳ ಗಂಡ ಥರ್ಸ್ಟನ್ ಪಾದ್ರಿಗಳನ್ನು ಕರೆತರಲು ಓಡಿದ್ದ. ಚುಕ್ಕೆಯ ಹೆದರಿಕೆಗೆ ನೆರೆಯ ಹೆಂಗಸರು ಯಾರೂ ಹೆರಿಗೆಯ ಕೋಣೆಗೆ ಬಂದಿರಲಿಲ್ಲ. ನಡುಮನೆಯಲ್ಲಿದ್ದ ಗಂಡಸು ಒಬ್ಬನೇ. ಅಮಾಬೆಲ್‌ಳ ಚಿಕ್ಕಪ್ಪ ವಾರಿನ್. ಕೂಸು ಅಳಲಿಲ್ಲವೆಂದಾದರೆ ಈ ಮನೆ ಸೇರುವುದೂ ಅವನಿಗೇ.

"ಮನೆ ಹೋಗ್ಲಿ ಗುನ್ನೋರಮ್ಮ."

ಬಾಗಿಲ ಬಳಿ ನಿಂತಿದ್ದ ಥರ್ಸ್ಟನ್ ಮಾತಾಡಿದ್ದು ಅದೇ ಮೊದಲು. ನದಿಯಾಚೆಯಿಂದ ಬಂದ ಅಂಬಿಗ ಅವನು. ದೊಡ್ಡ ಕೈ, ಸಣ್ಣ ದನಿ.

"ಮನೆ ಮಾವನೇ ಇಟ್ಕೊಳ್ಳಲಿ. ನಾನು ದೋಣಿಯಲ್ಲಿ ಮಲಗಿದವನು, ಇನ್ನೂ ಮಲಗ್ತೀನಿ. ಆದರೆ ಕೂಸು ಅಳಲೇ ಇಲ್ಲ ಅಂತ ಪಂಚರು ತೀರ್ಮಾನ ಮಾಡಿದ್ರೆ..." ಅವನು ಬಾಗಿಲ ಚೌಕಟ್ಟು ಹಿಡಿದ. "ಜೀವವೇ ಇರಲಿಲ್ಲ ಅಂತ ಆಗತ್ತೆ. ಜೀವ ಇಲ್ಲದ್ದಕ್ಕೆ ಜ್ಞಾನಸ್ನಾನ ಎಲ್ಲಿಂದ ಬಂತು ಅಂತ ಕೇಳ್ತಾರೆ. ಚರ್ಚಿನ ಅಂಗಳದಿಂದ ಅಗೆದು ತೆಗೆದು ಜವುಗಿನಲ್ಲಿ ಹೂಳ್ತಾರೆ. ಗೋರಿ ತೋಡುವವನು ನಿನ್ನೆ ನನ್ನ ಮುಖ ನೋಡಲಿಲ್ಲ. ಅಲ್ಲೇ ಗೊತ್ತಾಯ್ತು ನನಗೆ."

"ಅಲನ್," ಎಂದಳು ಓರೆಂಜ್ ಬೆಂಕಿಯನ್ನೇ ನೋಡುತ್ತ. "ಕೂಸು ಅನ್ನಬೇಡ. ಹೆಸರಿಟ್ಟಿದ್ದೀನಿ ಅದಕ್ಕೆ. ನೀರು ಹಾಕಿ, ನಾಮ ಹೇಳಿ, ಅಲನ್ ಅಂತ."

ಒಳಗಿನಿಂದ ಸಬೀನ ಮಗನನ್ನು ಎತ್ತಿಕೊಂಡು ಹೊರಬಂದಳು. ಅವನು ಬಿಕ್ಕುತ್ತಾ ಥರ್ಸ್ಟನ್‌ನತ್ತ ಕೈ ಚಾಚಿದ. ಥರ್ಸ್ಟನ್ ಮುಖ ತಿರುಗಿಸಿಕೊಂಡ.

ಗುನ್ನೋರ ಅದನ್ನು ನೋಡಿದಳು. ಆಮೇಲೆ ಬೀರಿನ ಹೂಜಿ ಎತ್ತಿ ವಾರಿನ್‌ನ ಬಟ್ಟಲಿಗೆ ಬಗ್ಗಿಸಿ, ಅವನೆದುರೇ ಕೂತಳು.

"ಸರಿ ವಾರಿನಣ್ಣ. ಬಾಗಿಲು ಹಾಕಿದ್ರೆ ಕೇಳಲ್ಲ. ಒಪ್ಪಿದೆ."

"ಒಪ್ಪಲೇಬೇಕಲ್ಲ," ಎಂದು ಅವನು ಬಟ್ಟಲು ಎತ್ತಿದ.

"ಥರ್ಸ್ಟನ್, ಪಾದ್ರಿಗಳ ಹತ್ತಿರ ಓಡೋ ಮುಂಚೆ ನೀನು ಏನೇನು ಮಾಡಿದೆ?"

"ಎಲ್ಲರೂ ಮಾಡೋದೇ. ನೋವು ಜಾಸ್ತಿ ಆಯ್ತು, ಕೂಸು ಬರ್ತಾ ಇಲ್ಲ ಅಂತ ಅಜ್ಜಿ ಕೂಗಿದ್ರು. ಮನೆಯಲ್ಲಿ ಕಟ್ಟಿದ್ದನ್ನೆಲ್ಲ ಬಿಚ್ಚಿದೆ. ಅವಳ ಜಡೆ ಬಿಚ್ಚಿಸಿದೆ. ಪೆಟ್ಟಿಗೆ ಬೀಗ, ಕೋಳಿಗೂಡು, ಹಸುವಿನ ಹಗ್ಗ, ಹಿಟ್ಟಿನ ಚೀಲದ ಬಾಯಿ, ನನ್ನ ಕೆರದ ಪಟ್ಟಿ..." ಅವನು ತಡವರಿಸಿದ. "ದೋಣಿ ಹಗ್ಗಾನೂ ಬಿಚ್ಚಿಬಿಟ್ಟೆ."

ಫಲ್ಕ್ ತಲೆಗೆ ಕೈ ಹಚ್ಚಿಕೊಂಡ. "ಅಯ್ಯೋ ಮಾರಾಯ! ಅಂಬಿಗನಾಗಿ!"

"ಗಂಟು ಅಂದ್ರೆ ಗಂಟೇ ಅಲ್ವಾ ಫಲ್ಕಣ್ಣ? ಯಾವ ಗಂಟು ಅವಳ ಬಸಿರನ್ನ ಹಿಡಿದಿದೆ ಅಂತ ನನಗೇನು ಗೊತ್ತು? ನೀರಿನ ಇಳಿತದಲ್ಲಿ ದೋಣಿ ತೇಲಿಹೋಯ್ತು. ಜವುಗು ಸುತ್ತಿ ನಡೆದು ಹೋದೆ. ಪಾದ್ರಿಗಳನ್ನ ಕರ್ಕೊಂಡು ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು."

ಯಾರೂ ನಗಲಿಲ್ಲ. ಹೆರಿಗೆ ಕಷ್ಟವಾದ ಮನೆಯಲ್ಲಿ ಒಂದು ಗಂಟು ಉಳಿದರೂ ಕೂಸು ಒಳಗೇ ಕಟ್ಟಿಬೀಳುತ್ತದೆಂದು ತಿಳಿಯದವರು ಅಲ್ಲಿ ಒಬ್ಬರೂ ಇರಲಿಲ್ಲ.

"ಕೋಣೆ ಬಾಗಿಲು?" ಗುನ್ನೋರ ಮೆಲ್ಲಗೆ ಕೇಳಿದಳು.

"ಅದನ್ನ ಎಲ್ಲಕ್ಕಿಂತ ಮೊದಲು ತೆಗೆದೆ. ಹಾರುಹೊಡೆದು, ಮುಚ್ಚದ ಹಾಗೆ ಕಲ್ಲು ಒತ್ತಿಟ್ಟೆ."

"ಹಾಗಾದ್ರೆ ವಾರಿನಣ್ಣ, ಬಾಗಿಲು ಹಾಕಿತ್ತು ಅಂದ್ಯಲ್ಲ. ಕಲ್ಲು ಸರಿಸಿ ಹಾಕಿದವರು ಯಾರು?"

ವಾರಿನ್‌ನ ಬಟ್ಟಲು ಬಾಯಿಗೆ ತಲುಪದೆ ನಿಂತಿತು.

"ಗಾಳಿ ಇದ್ದಿರಬಹುದು."

"ಗಾಳಿ ಕಲ್ಲು ಸರಿಸಲ್ಲ."

"ಅಜ್ಜಿ ಹಾಕಿರಬಹುದು!"

"ಹೆರಿಗೆ ಆಗದೆ ಒದ್ದಾಡ್ತಿರೋಳ ಕೋಣೆ ಬಾಗಿಲನ್ನ ನಾನು ಹಾಕ್ತೀನಾ?" ಓರೆಂಜ್ ಈಗ ತಿರುಗಿದಳು. "ನೀನು ಹುಟ್ಟುವಾಗ ಈ ಮನೆಯ ಮಾಡಿನ ಹುಲ್ಲನ್ನೂ ಸಡಿಲ ಮಾಡಿಸಿದವಳು ಕಣೋ ನಾನು."

ಸಬೀನ ಮಗನನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು. "ಅಮ್ಮಾ ತಾಯಿ! ಕಟ್ಟು ಹಾಕಿದ್ದಾ?"

ಫಲ್ಕ್ ಶಿಲುಬೆಯ ಗುರುತು ಮಾಡಿಕೊಂಡ. ವಾರಿನ್‌ನ ಪಕ್ಕ ಕೂತಿದ್ದವನು ಬೆಂಚಿನ ತುದಿಗೆ ಜರುಗಿದ.

"ಏನು ಹಾಗೆ ನೋಡ್ತೀರಾ ನನ್ನ? ನಾನು ಎತ್ತಿ ಆಡಿಸಿದ ಹುಡುಗಿ ಅವಳು!"

"ನಾನು ನೋಡ್ತಾ ಇಲ್ಲ," ಎಂದಳು ಗುನ್ನೋರ. ಅವಳ ದನಿಯಲ್ಲಿ ಗೆದ್ದ ಸದ್ದಿರಲಿಲ್ಲ. "ನಾಳೆ ಊರು ನೋಡತ್ತೆ. ಬಾಗಿಲು ಹಾಕಿತ್ತು ಅಂತ ನೀನು ಪ್ರಮಾಣ ಮಾಡಿದ ಕೂಡಲೇ ಪಂಚರು ಕೇಳೋ ಮುಂದಿನ ಪ್ರಶ್ನೆ ಇದೇ. ನಡುಮನೆಯಲ್ಲಿ ನೀನೊಬ್ಬನೇ ಇದ್ದದ್ದು. ಮನೆ ಸಿಗೋದೂ ನಿನಗೇ. ಬಸಿರಿಗೆ ಕಟ್ಟು ಹಾಕಿದವನು ಅಂತ ಒಂದು ಸಲ ಹೆಸರು ಬಂದ ಮೇಲೆ ಈ ಊರಿನಲ್ಲಿ ನಿನಗೆ ಬೆಂಕಿ ಕೊಡೋರು ಇರಲ್ಲ, ರೊಟ್ಟಿ ಸುಡೋರು ಇರಲ್ಲ."

"ನಾನಂತೂ ಸುಡಲ್ಲ," ಎಂದಳು ಸಬೀನ.

"ನೀನು ಸುಮ್ಮನಿರು." ಗುನ್ನೋರ ಅವನ ಕಡೆ ಬಾಗಿದಳು. "ಅದಕ್ಕೇ ಇವತ್ತೇ, ಇಲ್ಲೇ ಕೇಳ್ತಾ ಇದ್ದೀನಿ. ಬಾಗಿಲು ತೆಗೆದಿತ್ತು. ತೆಗೆದ ಬಾಗಿಲಿಂದ ಕೇಳತ್ತೆ, ಈಗ ತಾನೇ ಕೇಳಿದ್ವಿ. ನಿನಗೂ ಕೇಳ್ತು. ಅಲ್ವಾ?"

ವಾರಿನ್ ಬಟ್ಟಲು ಕೆಳಗಿಟ್ಟ. ಬೀರು ಚೆಲ್ಲಿ ಅವನ ಬೆರಳ ಸಂದಿನಲ್ಲಿ ಹರಿಯಿತು. ಅವನು ಒರೆಸಿಕೊಳ್ಳಲಿಲ್ಲ. ಒಳಕೋಣೆಯ ಕಡೆ ನೋಡಿದ. ಅವನು ಹುಟ್ಟಿದ್ದೂ ಆ ಕೋಣೆಯಲ್ಲೇ, ಅವನಣ್ಣ ಹುಟ್ಟಿದ್ದೂ ಅಲ್ಲೇ. ಆ ನೋಟದಲ್ಲಿ ಆಸೆಬುರುಕತನ ಹುಡುಕಿದಳು ಗುನ್ನೋರ. ಅವಳಿಗೆ ಕಂಡದ್ದು ಬೇರೆಯೇ. ಕತ್ತಲೆ ಕಂಡು ಹೆದರಿದ ಮಗುವಿನ ಕಣ್ಣು.

"ಕೇಳ್ತು," ಎಂದ.

ಅವನು ಮತ್ತೆ ಗುನ್ನೋರಳತ್ತ ತಿರುಗಿದ.

"ಕೇಳ್ತು ಕಣಮ್ಮ. ಜೋರಾಗಿ ಕೇಳ್ತು. ಒಳ್ಳೆ ಗಂಟಲು. ಅಮಾಬೆಲ್ ಹುಟ್ಟಿದಾಗ ಅತ್ತ ಹಾಗೇ."

ಥರ್ಸ್ಟನ್ ಎರಡೇ ದಾಪುಗಾಲಿಗೆ ಬಂದು ಅವನ ಕಾಲ ಬಳಿ ಕುಸಿದು, ಬೀರು ಅಂಟಿದ ಆ ಕೈಯನ್ನು ಹಣೆಗೊತ್ತಿಕೊಂಡ. "ಮಾವ! ಮನೆ ನೀನೇ ಇಟ್ಕೋ ಮಾವ. ನಾಳೆ ಇದನ್ನ ಹೇಳಿಬಿಡು, ಸಾಕು. ಅವನು ಮಲಗಿದಲ್ಲೇ ಮಲಗಿರಲಿ."

ಸಬೀನ ಮೂಗು ಒರೆಸಿಕೊಂಡಳು. ಫಲ್ಕ್ ಮತ್ತೆ ವಾರಿನ್‌ನ ಪಕ್ಕಕ್ಕೆ ಜರುಗಿದ, ಏನೂ ಆಗಿಲ್ಲವೆಂಬಂತೆ.

ಓರೆಂಜ್ ಒಬ್ಬಳೇ ಅಲುಗಲಿಲ್ಲ. ಅಷ್ಟು ದಿನದಿಂದ ಕೂಸು ಅತ್ತಿತು, ಅತ್ತಿತು ಎಂದು ಸಾರುತ್ತಿದ್ದವಳು. ಕೊನೆಗೂ ಒಬ್ಬ ಗಂಡಸು ಅದನ್ನೇ ಹೇಳಿದಾಗ ಅವಳ ಮುಖ ಬೆಳ್ಳಗಾಗಿತ್ತು.

ಗುನ್ನೋರಳ ಕಣ್ಣಿಗೆ ಅದು ಬಿತ್ತು.

"ವಾರಿನಣ್ಣ, ನಿಜ ಹೇಳೋಕೆ ಇಷ್ಟು ತಿಂಗಳು ಯಾಕೆ ಬೇಕಾಯ್ತು? ಬರೀ ಮನೆ ಆಸೆಗಾ?"

"ಆಸೆ ಇಲ್ಲ ಅಂತ ಹೇಳಲ್ಲ. ನನ್ನಣ್ಣನ ಮನೆ ಇದು. ಆದರೆ ಅದಕ್ಕಲ್ಲ." ಅವನು ದನಿ ತಗ್ಗಿಸಿದ. "ಹೇಳಿದ್ರೆ ನನ್ನ ತಲೆ ಕೆಟ್ಟಿದೆ ಅಂತಿದ್ರಿ. ಇಲ್ಲಾಂದ್ರೆ ಮನೆಗೆ ದೆವ್ವ ಹೊಕ್ಕಿದೆ ಅಂತ ಸುಟ್ಟುಹಾಕ್ತಿದ್ರಿ."

"ಕೂಸು ಅತ್ತದ್ದಕ್ಕೆ ದೆವ್ವ ಯಾಕೆ?"

"ಅದು ಅತ್ತದ್ದು ಯಾವಾಗ ಅಂತ ನೀನು ಕೇಳಲೇ ಇಲ್ಲವಲ್ಲ."

ಥರ್ಸ್ಟನ್ ತಲೆ ಎತ್ತಿದ.

"ಪಾದ್ರಿಗಳು ಬಂದ್ರು," ವಾರಿನ್ ಒಂದೊಂದೇ ಮಾತನ್ನು ಎಳೆದು ತೆಗೆದ. "ಕೋಣೆ ಒಳಗೆ ಹೋಗಲಿಲ್ಲ, ಹೊಸಿಲಲ್ಲೇ ನಿಂತು ಅಮಾಬೆಲ್‌ಗೆ ಪ್ರಾರ್ಥನೆ ಹೇಳಿದ್ರು. ಅಜ್ಜಿ ಕೂಸನ್ನ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ತಾಯಿಗೆ ಸ್ನಾನ ಮಾಡಿಸಬೇಕು, ನೀನು ಮಗನ ಜೊತೆ ಹೋಗು ಅಂತ ಥರ್ಸ್ಟನ್‌ನ ಕಳಿಸಿದಳು. ಇವನು ಅದನ್ನ ಎದೆಗೊತ್ಕೊಂಡು ಪಾದ್ರಿಗಳ ಹಿಂದೆ ಹೋದ. ನಾನು ಇಲ್ಲೇ ಇದ್ದೆ, ಇದೇ ಬೆಂಚಿನ ಮೇಲೆ. ಚರ್ಚಿನಲ್ಲಿ ಸಾವಿನ ಗಂಟೆ ಹೊಡೀತು. ಆಮೇಲೆ..."

"ಆಮೇಲೆ?"

"ಆಮೇಲೆ ಅತ್ತಿತು. ಮಣ್ಣಿಗೆ ಹೋದ ಕೂಸು ಕೋಣೆಯೊಳಗೆ ಅತ್ತಿತು ಗುನ್ನೋರ. ಬಾಗಿಲು ಹಾಕಿದ್ದು ಆಗ. ನಾನೇ ಹಾಕಿದ್ದು. ಕಲ್ಲು ಒದ್ದು, ಬಾಗಿಲು ಎಳೆದು, ಹೊಲದ ಮೇಲೆ ಬಿದ್ದು ಓಡಿದೆ."

ಫಲ್ಕ್ ಮತ್ತೆ ಶಿಲುಬೆಯ ಗುರುತು ಮಾಡಿಕೊಂಡ. "ನನ್ನ ಮುಂದೇನೇ ಓಡಿಹೋದ. ಚುಕ್ಕೆಗೆ ಹೆದರಿದ ಅಂದ್ಕೊಂಡು ನಕ್ಕಿದ್ದೆ ನಾನು."

ಸಬೀನಳ ತೋಳಿನಲ್ಲಿದ್ದ ಕೂಸು ಯಾಕೋ ತೆಪ್ಪಗಾಯಿತು.

ಗುನ್ನೋರ ಎದ್ದಳು. ದೆವ್ವಗಳ ಬಗ್ಗೆ ಅವಳಿಗೆ ಭಯ ಇಲ್ಲದೇ ಇರಲಿಲ್ಲ. ಆದರೆ ಅಷ್ಟು ವರ್ಷ ಹೆಣಗಳ ತಲೆದೆಸೆಗೆ ಮೇಣದಬತ್ತಿ ಹಚ್ಚಿಟ್ಟವಳು. ಸತ್ತವರು ಎಷ್ಟು ಮೌನವಾಗಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಒಲೆಯ ಮುಂದೆ ಬಂದು ಮುದುಕಿಯ ಎದುರು ಮಂಡಿಯೂರಿದಳು.

"ಓರೆಂಜಜ್ಜಿ. ನೀನು ಇಷ್ಟು ದಿನ ಹೇಳಿದ ಅಳು, ವಾರಿನಣ್ಣ ಕೇಳಿದ ಅಳು, ಎರಡೂ ಒಂದೇನಾ?"

ಮುದುಕಿ ತುಟಿ ಕಚ್ಚಿಕೊಂಡಳು.

"ಹಾಗಾದ್ರೆ ನಾನು ಯಾರನ್ನ ಮಣ್ಣು ಮಾಡಿ ಬಂದೆ?" ಥರ್ಸ್ಟನ್ ಕಿರುಚಿದ. "ಅಜ್ಜಿ! ನಾನು ಎದೆ ಮೇಲೆ ಇಟ್ಕೊಂಡು ಹೋದದ್ದು ಯಾರ ಕೂಸು?"

"ನಿನ್ನದೇ ಕಣಪ್ಪ," ಓರೆಂಜಳ ಕಣ್ಣು ತುಂಬಿ ಬಂತು. "ಆಣೆ ಮಾಡಿ ಹೇಳ್ತೀನಿ. ಅದೂ ನಿನ್ನದೇ."

ಒಂದು ಅಕ್ಷರ. ನಾಲಿಗೆ ಜಾರಿ ಬಿದ್ದ ಒಂದೇ ಅಕ್ಷರ.

"ಅದೂ," ಎಂದಳು ಗುನ್ನೋರ.

ಓರೆಂಜ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು. ಕೈಗಳು ತಾವಾಗಿ ಕೆಳಗಿಳಿದವು.

"ಮೊದಲು ಬಂದವನು ಅಲನ್. ಅವನು ಅಳಲಿಲ್ಲ. ಆದರೆ ಜೀವ ಇತ್ತು ಗುನ್ನೋರ, ದೇವರ ಮೇಲಾಣೆ ಇತ್ತು. ನನ್ನ ಬೆರಳು ಹಿಡ್ಕೊಂಡ. ನಾನು ನೀರು ಹಾಕಿ ಹೆಸರು ಹೇಳಿ ಮುಗಿಸೋ ತನಕ ಹಿಡ್ಕೊಂಡೇ ಇದ್ದ, ಆಮೇಲೆ ಬಿಟ್ಟ. ಬೆರಳು ಹಿಡಿದದ್ದು ಲೆಕ್ಕಕ್ಕಿಲ್ಲ ಅಂತಾರಲ್ಲ ನಿಮ್ಮ ಪಂಚರು, ಅಳು ಬೇಕು ಅಂತಾರಲ್ಲ! ಅದಕ್ಕೆ ಅತ್ತ ಅಂದೆ."

"ಆಮೇಲೆ?"

"ಆಮೇಲೆ ಇನ್ನೊಂದು ಬಂತು. ಅದೂ ಆಗ ಅಳಲಿಲ್ಲ, ಇವರೆಲ್ಲ ಮಣ್ಣಿಗೆ ಹೋದ ಮೇಲೆ ಅತ್ತದ್ದು. ಹೆಣ್ಣು."

ಥರ್ಸ್ಟನ್ ಎದ್ದು ನಿಂತ.

"ನಾನು ಖುಷಿಯಿಂದ ಎತ್ತಿ ತೋರಿಸಿದ್ರೆ ಅಮಾಬೆಲ್ ನನ್ನ ಸೆರಗು ಹಿಡಿದಳು. ಸಾಯೋಳ ಹಿಡಿತ. ಯಾರಿಗೂ ಹೇಳಬೇಡ ಅಜ್ಜಿ, ಇದನ್ನ ಎಲ್ಲಾದ್ರೂ ಕೊಟ್ಟುಬಿಡು ಅಂದಳು. ಯಾಕೆ ಅಂತ ನನ್ನ ಕೇಳ್ತೀರಾ? ಈಸ್ಟರ್‌ಗೆ ಮುಂಚೆ ನೇಕಾರನ ಹೆಂಡತಿ ಅವಳಿ ಹೆತ್ತಾಗ ಬಾವಿಕಟ್ಟೆಯಲ್ಲಿ ಏನಂದ್ರಿ ನೀವೆಲ್ಲ? ಒಂದು ಬಸಿರಿನಲ್ಲಿ ಎರಡು ಕೂಸು ಅಂದ್ರೆ ಇಬ್ಬರು ಗಂಡಸರ ಕೆಲಸ ಅಂತ ಮೊದಲು ನಕ್ಕವಳು ನೀನು ಸಬೀನ. ಗುನ್ನೋರ, ನೀನು ನಗಲಿಲ್ಲ, ಆದರೆ ಸುಮ್ಮನಿರಿ ಅಂತಾನೂ ಅನ್ನಲಿಲ್ಲ. ಅಮಾಬೆಲ್ ಅಲ್ಲೇ ಕೊಡ ಇಟ್ಕೊಂಡು ನಿಂತಿದ್ದಳು, ಬಸಿರು ಹೊತ್ತು."

ಸಬೀನ ನೆಲ ನೋಡಿದಳು. ಗುನ್ನೋರಳಿಗೂ ಆ ಬೆಳಗು, ಆ ಬಾವಿ, ಆ ನಗು ಎಲ್ಲ ನೆನಪಾಯಿತು.

ಅವಳ ತಲೆಯಲ್ಲಿ ನಾಳೆಯ ನ್ಯಾಯಸಭೆ ಗಿರಗಿರನೆ ತಿರುಗಿತು. ಅಳು ಕೇಳಿತು ಎಂದು ವಾರಿನ್ ಅಷ್ಟೇ ಹೇಳಿ ಸುಮ್ಮನಾದರೆ ಅಲನ್ ಮಲಗಿದಲ್ಲೇ ಮಲಗಿರುತ್ತಾನೆ. ಆದರೆ ಬದುಕಿರುವ ಹುಡುಗಿ ಎಂದೆಂದಿಗೂ ಹುಟ್ಟದವಳಾಗಿಯೇ ಉಳಿಯುತ್ತಾಳೆ. ಅವಳನ್ನು ಕರೆತಂದರೆ ಅತ್ತದ್ದು ಯಾರೆಂಬುದು ಬಯಲಾಗಿ ಅಲನ್‌ನ ಗೋರಿಗೆ ಗುದ್ದಲಿ ಬೀಳುತ್ತದೆ. ಜೊತೆಗೆ ಮಣ್ಣಲ್ಲಿರುವ ಅಮಾಬೆಲ್‌ಳ ಹೆಸರೂ ಬೀದಿಗೆ ಬೀಳುತ್ತದೆ.

ಇದನ್ನು ತೀರ್ಮಾನಿಸಬೇಕಾದವನು ಒಬ್ಬನೇ. ಎಲ್ಲರೂ ಅವನ ಕಡೆ ತಿರುಗಿದರು.

"ಬದುಕಿದ್ದಾಳಾ?" ಎಂದ ಥರ್ಸ್ಟನ್.

"ಬದುಕಿದ್ದಾಳೆ. ದುಂಡುದುಂಡಗೆ ಇದ್ದಾಳೆ. ನೀನು ಒಂದು ಮಾತು ಹೇಳು, ಈಗಲೇ ನಿನ್ನ ಅವಳ ಹತ್ತಿರ ಕರ್ಕೊಂಡು ಹೋಗ್ತೀನಿ."

ಓರೆಂಜ್ ಒಲೆಯ ಅಂಚು ಹಿಡಿದು ಎದ್ದು ನಿಂತಳು. ಊರಿನ ಎಷ್ಟೋ ತಂದೆಯರ ಕೈಗೆ ಮೊದಲ ಸಲ ಮಗುವನ್ನು ಇಡುವಾಗ ಚಾಚಿದಂತೆ ಎರಡೂ ಕೈ ಚಾಚಿದಳು.

ಥರ್ಸ್ಟನ್ ಒಂದು ಹೆಜ್ಜೆ ಮುಂದಿಟ್ಟ. ಅವನ ಮುಖದಲ್ಲಿ ನಗು ಬೆಳಗಾದಂತೆ ಏಳತೊಡಗಿತ್ತು. ಅರ್ಧಕ್ಕೆ ಬಂದು ಅದು ನಿಂತಿತು. ಹುಬ್ಬು ಕೂಡಿದವು. ಊರಿನ ಗಂಡಸರನ್ನೆಲ್ಲ ಎಣಿಸುವವನಂತೆ ಒಮ್ಮೆ ಫಲ್ಕ್‌ನನ್ನು ನೋಡಿದ, ಒಮ್ಮೆ ತೆರೆದ ಬಾಗಿಲಾಚೆಯ ಬೀದಿಯನ್ನು ನೋಡಿದ.

"ಅಜ್ಜಿ," ಎಂದ ಕೊನೆಗೆ. "ಅವಳ ಕೂದಲು ಯಾವ ಬಣ್ಣ?"

ಓರೆಂಜಳ ಚಾಚಿದ ಕೈಗಳು ಮೆಲ್ಲಗೆ ಮಡಚಿಕೊಂಡವು.